ಗಣಕಯಂತ್ರದಲ್ಲಿ ಮಾತುಗಳನ್ನು ಹುಡುಕಿ ತಿದ್ದುವ ಕ್ರಮ

ನಮ್ಮ ಶಾಲೆಯಲ್ಲಿ ಓದಿ ಹೊರಟುಹೋದ ಸಹೋದರಿಯರಲ್ಲಿ ಅನೇಕರು ಈಗ ಕಚೇರಿಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಗಣಕಯಂತ್ರದ ಮುಂದೆ ಕುಳಿತು ಕೆಲಸಮಾಡುವವರಾಗಿದ್ದಾರೆ. ಹೆಸರುಪಟ್ಟಿಗಳನ್ನು ಬರೆದಿಡುವದು, ವಿಳಾಸಗಳನ್ನು ತಿದ್ದುವದು, ಹಳೆಯ ವರದಿಗಳನ್ನು ಹೊಸ ಕ್ರಮಕ್ಕೆ ತರುವದು, ಇವು ಅವರ ನಿತ್ಯದ ಕೆಲಸಗಳು. ಸಾವಿರ ಹೆಸರುಗಳುಳ್ಳ ಪಟ್ಟಿಯಲ್ಲಿ ಒಂದು ಮಾತನ್ನು ಎಲ್ಲೆಲ್ಲಿಯೂ ಬದಲಾಯಿಸಬೇಕಾದರೆ ಹಿಂದಿನ ಕಾಲದಲ್ಲಿ ಕೆಂಪು ಮಸಿಯ ಲೇಖನಿಯನ್ನು ಹಿಡಿದು ಎರಡು ದಿವಸ ಕೂಡ್ರಬೇಕಾಗಿತ್ತು. ಈಗ ಒಂದೇ ಸಾಲಿನ ಅಪ್ಪಣೆಯನ್ನು ಬರೆದು ಕೀಲಿಯನ್ನು ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆ ಕೆಲಸವು ಮುಗಿದುಹೋಗುತ್ತದೆ. ಆದರೆ ಕೆಂಪು ಮಸಿಯಿಂದ ತಿದ್ದುವವಳು ತಪ್ಪಿದರೆ ಒಂದು ಹೆಸರು ಕೆಡುತ್ತಿತ್ತು. ಅಪ್ಪಣೆ ಬರೆಯುವವಳು ಒಂದು ಚುಕ್ಕೆಯನ್ನು ಅಲಕ್ಷ್ಯಮಾಡಿದರೆ ಸಾವಿರ ಹೆಸರುಗಳೂ ಒಟ್ಟಿಗೆ ಕೆಡಬಹುದು, ಮತ್ತು ಯಂತ್ರವು ಅದನ್ನು ಕುರಿತು ಒಂದು ಮಾತನ್ನಾದರೂ ಹೇಳುವದಿಲ್ಲ. ಶಾಲೆಯ ಪಟ್ಟಿಯನ್ನು ತೆರೆದು ನೋಡುವ ಹಳೆಯ ವಿದ್ಯಾರ್ಥಿನಿಯು ಮೊದಲು ಹುಡುಕುವದು ತನ್ನ ಹೆಸರನ್ನೇ. ಅದು ವಿಕಾರವಾಗಿದ್ದರೆ ಮಿಕ್ಕ ಪುಟಗಳನ್ನು ಅವಳು ಯಾವ ಮನಸ್ಸಿನಿಂದ ಓದಿಯಾಳು? ಆದಕಾರಣ ಈ ಹುಡುಕುವ ತಿದ್ದುವ ಕ್ರಮದಲ್ಲಿ ಕೆಲವು ಚಿಹ್ನೆಗಳನ್ನು ಹೇಗೆ ನಡಿಸಿಕೊಳ್ಳತಕ್ಕದ್ದೆಂಬದನ್ನು ನಾವು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿವರಿಸಲು ಯತ್ನಿಸುವೆವು.

ಈ ಕ್ರಮವು ಹುಟ್ಟಿದ್ದು ಅಮೇರಿಕಾ ದೇಶದ ನ್ಯೂಜೆರ್ಸಿ ಸಂಸ್ಥಾನದ ಬೆಲ್ ಪ್ರಯೋಗಾಲಯದಲ್ಲಿ. ಅಲ್ಲಿ ಕೆನ್ ಥಾಂಪ್ಸನ್ ಎಂಬವರು 1969ರಲ್ಲಿ ಯುನಿಕ್ಸ್ ವ್ಯವಸ್ಥೆಗಾಗಿ 'ಎಡ್' ಎಂಬ ತಿದ್ದುವ ಸಾಧನವನ್ನು ರಚಿಸಿದರು. ಅವರ ಸಹೋದ್ಯೋಗಿಯಾದ ಲೀ ಮ್ಯಾಕ್‌ಮಹನ್ ಎಂಬವರಿಗೆ ಅಮೇರಿಕಾದ ರಾಜ್ಯಾಂಗವನ್ನು ಸಮರ್ಥಿಸಿ 1787 ಮತ್ತು 1788ರಲ್ಲಿ ಬರೆಯಲ್ಪಟ್ಟ 85 ಪ್ರಬಂಧಗಳಲ್ಲಿ ಯಾವದನ್ನು ಯಾರು ಬರೆದರೆಂದು ಮಾತುಗಳ ಬಳಕೆಯಿಂದ ಕಂಡುಹಿಡಿಯುವ ಅಪೇಕ್ಷೆಯಿತ್ತು. ಆ ಪ್ರಬಂಧಗಳ ಗಾತ್ರವನ್ನು ಎಡ್ ಸಾಧನವು ತಾಳಲಾರದೆ ಹೋದದ್ದರಿಂದ, ಅದರೊಳಗಿನ ಹುಡುಕುವ ಭಾಗವನ್ನು ಮಾತ್ರ ಬೇರ್ಪಡಿಸಿ ಥಾಂಪ್ಸನರು 'ಗ್ರೆಪ್' ಎಂಬ ಪ್ರತ್ಯೇಕ ಸಾಧನವನ್ನು ಮಾಡಿದರು. ಅದು 1973ರಲ್ಲಿ ಬಳಕೆಗೆ ಬಂತು. ಬಳಿಕ ಮ್ಯಾಕ್‌ಮಹನರು ತಾವೇ 'ಸೆಡ್' ಎಂಬ ಸಾಧನವನ್ನು ರಚಿಸಿದರು. ಗ್ರೆಪ್ ಹುಡುಕಿ ತೋರಿಸುತ್ತದೆ. ಸೆಡ್ ಹುಡುಕಿ ಬದಲಾಯಿಸುತ್ತದೆ. ಐವತ್ತು ವರ್ಷಗಳು ಸಂದರೂ ಈ ಎರಡು ಸಾಧನಗಳು ಲೋಕದ ಲಕ್ಷಾಂತರ ಗಣಕಯಂತ್ರಗಳಲ್ಲಿ ಇಂದಿಗೂ ಇವೆ. ಸಾಹಿತ್ಯದ ಕರ್ತೃತ್ವವಿಚಾರವು ಇಂಥ ಯಂತ್ರಸಾಧನಕ್ಕೆ ಕಾರಣವಾಯಿತೆಂಬದು ಭಾಷಾಧ್ಯಾಪಕಿಯರಿಗೆ ಸಂತೋಷದ ಸಂಗತಿಯಾಗಬೇಕು.

ಈ ಸಾಧನಗಳಿಗೆ ನಾವು ಒಂದು ಮಾತನ್ನು ಕೊಡುವದಿಲ್ಲ, ಮಾತಿನ ನಮೂನೆಯನ್ನು ಕೊಡುತ್ತೇವೆ. ಬಟ್ಟೆಯನ್ನು ಕತ್ತರಿಸುವದಕ್ಕೆ ಕಾಗದದ ನಮೂನೆಯನ್ನು ಮಾಡಿಕೊಳ್ಳುವಂತೆ, ಹುಡುಕತಕ್ಕ ಮಾತಿನ ಆಕಾರವನ್ನು ಮೊದಲು ಬರೆದು ತೋರಿಸಬೇಕು. ನಮೂನೆಯಲ್ಲಿ ಬಹುತೇಕ ಅಕ್ಷರಗಳು ತಮ್ಮನ್ನು ತಾವೇ ಸೂಚಿಸುತ್ತವೆ. ಆದರೆ ಕೆಲವು ಚಿಹ್ನೆಗಳಿಗೆ ಅಧಿಕಾರವು ಕೊಡಲ್ಪಟ್ಟಿದೆ. ಚುಕ್ಕೆಯೆಂದರೆ 'ಇಲ್ಲಿ ಯಾವ ಅಕ್ಷರವಿದ್ದರೂ ಆಗಬಹುದು' ಎಂದರ್ಥ. ನಕ್ಷತ್ರದ ಗುರುತೆಂದರೆ 'ಇದರ ಹಿಂದಿನದು ಎಷ್ಟು ಸಲವಾದರೂ ಬರಬಹುದು, ಬಾರದೆಯೂ ಇರಬಹುದು' ಎಂದರ್ಥ. ಇದನ್ನು ಗಣಿತಜ್ಞರಾದ ಸ್ಟೀಫನ್ ಕ್ಲೀನಿ ಎಂಬವರ 1956ರ ಪ್ರಬಂಧದಿಂದ ತೆಗೆದುಕೊಂಡಿದ್ದಾರೆ. ಲಿಪಿಕಾರರು ಬಿಟ್ಟುಹೋದ ಅಕ್ಷರವನ್ನು ಸೇರಿಸಲು ಹಾಕುತ್ತಿದ್ದ ಹಂಸಪಾದವನ್ನು ಹೋಲುವ ^ ಎಂಬ ಗುರುತು ಸಾಲಿನ ಆರಂಭವನ್ನೂ, ಡಾಲರಿನ $ ಗುರುತು ಸಾಲಿನ ಅಂತ್ಯವನ್ನೂ ಸೂಚಿಸುತ್ತವೆ. ಚೌಕ ಆವರಣದೊಳಗೆ ಬರೆದ ಅಕ್ಷರಗಳಲ್ಲಿ ಯಾವದಾದರೂ ಒಂದಿದ್ದರೆ ಸಾಕೆಂದು ತಿಳಿಯತಕ್ಕದ್ದು.

ಒಂದೇ ಗುರುತಿಗೆ ಹೀಗೆ ಎರಡು ಬಾಳುವೆಗಳನ್ನು ಕೊಟ್ಟದ್ದು ಯಾಕೆ ಎಂದು ಕೇಳಬಹುದು. ಕೀಲಿಮಣೆಯಲ್ಲಿ ಗುರುತುಗಳು ಕೆಲವೇ ಇದ್ದದ್ದರಿಂದ ಹೊಸದನ್ನು ಕಲ್ಪಿಸುವ ಬದಲು ಇದ್ದವುಗಳಿಗೇ ಎರಡನೆಯ ಕೆಲಸವನ್ನು ಒಪ್ಪಿಸಿದರು. ಇದು ನಮ್ಮ ದೇಶಕ್ಕೆ ಹೊಸ ತೊಡಕೇನೂ ಅಲ್ಲ. ಪಾಣಿನಿಯ ಸೂತ್ರಗಳಲ್ಲಿ ಒಂದು ಶಬ್ದವು ಬಂದರೆ ಆ ಶಬ್ದದ ಸ್ವಂತ ರೂಪವನ್ನೇ ಗ್ರಹಿಸಬೇಕು, ಆದರೆ ಅದು ಶಾಸ್ತ್ರದ ಸಂಜ್ಞೆಯಾಗಿದ್ದರೆ ಸಂಜ್ಞೆಯ ಅರ್ಥವನ್ನು ಹಿಡಿಯಬೇಕು ಎಂಬ ನಿಯಮವಿದೆ. ವೃದ್ಧಿ ಎಂಬ ಮಾತು ವ್ಯಾಕರಣದಲ್ಲಿ ಬಂದರೆ ಅದು ಬೆಳವಣಿಗೆಯಲ್ಲ, ಆ ಐ ಔ ಎಂಬ ಸ್ವರಗಳೆಂದು ಸಂಧಿಯನ್ನು ಓದಿದ ಹುಡುಗಿಯರಿಗೆ ಗೊತ್ತೇ ಇದೆ. ಓದುವವಳು ಬುದ್ಧಿಯಿಂದ ಈ ಭೇದವನ್ನು ಮಾಡಿಕೊಳ್ಳುತ್ತಾಳೆ. ಯಂತ್ರಕ್ಕೆ ಆ ಬುದ್ಧಿಯಿಲ್ಲವಾದ್ದರಿಂದ ನಾವೇ ಅದಕ್ಕೆ ತಿಳಿಸಬೇಕಾಗುತ್ತದೆ.

ಈಗ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಹಳೆಯ ವಿದ್ಯಾರ್ಥಿನಿಯರ ಪಟ್ಟಿಯಲ್ಲಿ ಅನೇಕ ಹೆಸರುಗಳ ಮುಂದೆ 'ಕು.' ಎಂದು ಸಂಕ್ಷೇಪವಾಗಿ ಬರೆದಿದೆಯೆಂತಲೂ ಅದನ್ನು 'ಕುಮಾರಿ' ಎಂದು ಪೂರ್ತಿಯಾಗಿ ಬರೆಯಬೇಕಾಗಿದೆಯೆಂತಲೂ ಭಾವಿಸೋಣ. ಸೆಡ್ ಸಾಧನಕ್ಕೆ ಕೊಡುವ ಅಪ್ಪಣೆಯ ರೂಪವು ಹೀಗಿರುತ್ತದೆ:

ಎಸ್/ಕು./ಕುಮಾರಿ/

ಇಲ್ಲಿ ಎಸ್ ಎಂಬದನ್ನು ಇಂಗ್ಲಿಷಿನ ಸಣ್ಣಕ್ಷರವಾಗಿ ಒತ್ತತಕ್ಕದ್ದು. ಬದಲಾಯಿಸು ಎಂಬದು ಅದರ ಅರ್ಥ. ಮೊದಲೆರಡು ಓರೆಗೀಟುಗಳ ನಡುವೆ ಹುಡುಕತಕ್ಕ ನಮೂನೆ, ಕೊನೆಯ ಎರಡರ ನಡುವೆ ಅದರ ಸ್ಥಳದಲ್ಲಿ ಇಡತಕ್ಕ ಮಾತು. ಕಡೆಯಲ್ಲಿ ಜಿ ಎಂಬ ಸಣ್ಣಕ್ಷರವನ್ನು ಕೂಡಿಸಿದರೆ ಸಾಲಿನಲ್ಲಿ ಎಷ್ಟು ಕಡೆ ಇದೆಯೋ ಅಷ್ಟು ಕಡೆಯೂ ಬದಲಾಗುತ್ತದೆ, ಇಲ್ಲವಾದರೆ ಪ್ರತಿಯೊಂದು ಸಾಲಿನಲ್ಲಿ ಮೊದಲನೆಯದು ಮಾತ್ರ.

ನೋಡುವದಕ್ಕೆ ನಿರಪಾಯವಾದ ಈ ಅಪ್ಪಣೆಯು ಮಾಡುವದೇನು? ಚುಕ್ಕೆಗೆ 'ಯಾವ ಅಕ್ಷರವಾದರೂ' ಎಂಬ ಅರ್ಥವಿರುವದರಿಂದ, ಕು ಎಂಬದರ ಮುಂದೆ ಏನಿದ್ದರೂ ಯಂತ್ರವು ಅದನ್ನು ನುಂಗುತ್ತದೆ. ಕುಂದಾಪುರ ಎಂಬ ಊರು 'ಕುಮಾರಿದಾಪುರ' ಆಗುತ್ತದೆ. ಕುಮಟಾ ಎಂಬದು 'ಕುಮಾರಿಟಾ' ಆಗುತ್ತದೆ. ಅಂಕುಶವು 'ಅಂಕುಮಾರಿ'. ಕುಸುಮ ಎಂಬ ಚೆಲುವಾದ ಹೆಸರಿನಲ್ಲಿ ಸಕಾರವು ಮಾಯವಾಗಿ ಅದರ ಕೊಂಬು ಮಾತ್ರ ದಿಕ್ಕಿಲ್ಲದೆ ಉಳಿದು, ಓದಲು ಬಾರದ ಒಂದು ಆಕಾರವು ಕಾಗದದ ಮೇಲೆ ಬೀಳುತ್ತದೆ. ಮೊದಲೇ 'ಕುಮಾರಿ' ಎಂದು ಸರಿಯಾಗಿ ಬರೆದಿದ್ದ ಸ್ಥಳಗಳೂ ತಪ್ಪಿಸಿಕೊಳ್ಳಲಾರವು. ಅಲ್ಲಿ ಬಾಲದ ಮೇಲೆ ಬಾಲ ಬೆಳೆಯುತ್ತದೆ. ಓದಿ ನಗುವ ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು: ಪಟ್ಟಿಯಲ್ಲಿ 'ಕು.' ಎಂಬದು ಇದ್ದ ಎಲ್ಲಾ ಸ್ಥಳಗಳಲ್ಲಿಯೂ ಯಂತ್ರವು ಸರಿಯಾಗಿಯೇ ತಿದ್ದಿರುತ್ತದೆ. ಮೊದಲ ಪುಟವನ್ನು ಮಾತ್ರ ನೋಡಿದವಳಿಗೆ ಎಲ್ಲವೂ ಚೆನ್ನಾಗಿಯೇ ಕಾಣುವದು. ಅಪಾಯವಿರುವದು ಇದರಲ್ಲಿಯೇ.

ಚುಕ್ಕೆಯನ್ನು ಬರೇ ಚುಕ್ಕೆಯೆಂದು ತಿಳಿಸುವದಕ್ಕೆ ಅದರ ಮುಂದೆ ಹಿಂದಕ್ಕೆ ವಾಲಿದ ಓರೆಗೀಟನ್ನು ಇಡಬೇಕು. ಇದಕ್ಕೆ ಬ್ಯಾಕ್‌ಸ್ಲ್ಯಾಶ್ ಎಂದು ಹೆಸರು. ಪುಸ್ತಕಗಳಲ್ಲಿಯೂ ಕಾಗದಗಳಲ್ಲಿಯೂ ಎಂದೂ ಕಾಣದ ಈ ಗುರುತನ್ನು ಬಾಬ್ ಬೀಮರ್ ಎಂಬವರು 1961ರಲ್ಲಿ ಗಣಕಯಂತ್ರದ ಅಕ್ಷರಮಾಲೆಗೆ ಸೇರಿಸಿದರು. ಬರೆವಣಿಗೆಯಲ್ಲಿ ಅದಕ್ಕೆ ಬೇರೆ ಉದ್ಯೋಗವಿಲ್ಲದ್ದರಿಂದಲೇ ಈ ಕೆಲಸಕ್ಕೆ ಅದು ಅನುಕೂಲವಾಯಿತೆಂದು ನಮ್ಮ ಅಭಿಪ್ರಾಯ. ಅಧಿಕಾರವುಳ್ಳ ಗುರುತಿನ ಮುಂದೆ ಅದು ಬಂದರೆ ಆ ಗುರುತಿನ ಅಧಿಕಾರವು ಹೋಗಿ ಅದು ಸಾಮಾನ್ಯ ಪ್ರಜೆಯಾಗುತ್ತದೆ. ಈ ಕಾರಣದಿಂದ ನಮ್ಮ ಅಪ್ಪಣೆಯನ್ನು ಹೀಗೆ ತಿದ್ದುತ್ತೇವೆ:

ಎಸ್/ಕು\./ಕುಮಾರಿ/

ಈಗ ಕುಂದಾಪುರವೂ ಕುಮಟೆಯೂ ಕುಸುಮಳೂ ಬದುಕಿದರು. ಆದರೂ ಕೆಲಸವು ತೀರಲಿಲ್ಲ. ಅದೇ ಕಡತದಲ್ಲಿ ವರದಿಯೊಂದು ಸೇರಿದ್ದು, ಅದರಲ್ಲಿ 'ಕಟ್ಟಡಕ್ಕೆ ಸಹಾಯ ಬೇಕು.' ಎಂಬ ವಾಕ್ಯವಿದ್ದರೆ ಅದು 'ಸಹಾಯ ಬೇಕುಮಾರಿ' ಆಗಿಬಿಡುತ್ತದೆ. ಯಾಕಂದರೆ ಕು ಎಂಬದರ ಮುಂದೆ ನಿಜವಾದ ಚುಕ್ಕೆಯೇ ಅಲ್ಲಿ ಇದೆ. ಕನ್ನಡದಲ್ಲಿ ಬೇಕು, ಸಾಕು, ಹಾಕು, ನೂಕು ಎಂದು ಮುಗಿಯುವ ವಾಕ್ಯಗಳಿಗೆ ಬರಗಾಲವೇ? ಆದದರಿಂದ ಹೆಸರುಗಳು ಸಾಲಿನ ಆರಂಭದಲ್ಲಿರುವದನ್ನು ನೋಡಿಕೊಂಡು, ಹಂಸಪಾದದ ಗುರುತನ್ನು ಮುಂದೆ ಇಡಬೇಕು:

ಎಸ್/^ಕು\./ಕುಮಾರಿ/

ಸಾಲಿನ ನಡುವೆ ಇದ್ದರೆ ಮುಂದೊಂದು ಖಾಲಿ ಸ್ಥಳವನ್ನು ಕೂಡಿಸಿ ಹುಡುಕಿ, ಬದಲಿಗೆ ಕೊಡುವ ಮಾತಿನಲ್ಲಿಯೂ ಆ ಖಾಲಿ ಸ್ಥಳವನ್ನು ಮರೆಯದೆ ಇಡತಕ್ಕದ್ದು. ಚಿಹ್ನೆಯ ಅಧಿಕಾರವನ್ನು ತೆಗೆದರೆ ಸಾಲದು, ಅದು ಎಲ್ಲಿ ನಿಂತಿದೆಯೆಂಬದನ್ನೂ ಹೇಳಬೇಕೆಂಬದು ಇದರಿಂದ ತಿಳಿಯುತ್ತದೆ.

ಇಷ್ಟೆಲ್ಲಾ ಎಚ್ಚರಿಕೆಯಿಂದ ಬರೆದ ಅಪ್ಪಣೆಯು ಸೆಡ್ ಸಾಧನದ ಕೈಗೆ ನೇರವಾಗಿ ಹೋಗುವದಿಲ್ಲವೆಂಬದನ್ನು ಹೊಸಬರು ಸಾಮಾನ್ಯವಾಗಿ ಅರಿಯರು. ನಡುವೆ ಒಬ್ಬ ದ್ವಾರಪಾಲಕನಿದ್ದಾನೆ. ಅವನ ಹೆಸರು ಶೆಲ್. ವಿದ್ಯಾರ್ಥಿನಿನಿಲಯದಲ್ಲಿ ವಾಸಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುಡುಗಿಗೆ ಬಂದ ಕಾಗದವು ಮೊದಲು ಮೇಲ್ವಿಚಾರಕಿಯ ಮೇಜಿಗೆ ಹೋಗಿ, ಅವರು ಬಿಡಿಸಿ ನೋಡಿದ ತರುವಾಯ ಅವಳ ಕೈಗೆ ಬರುವದಷ್ಟೆ. ಹಾಗೆಯೇ ನಾವು ಬರೆದ ಸಾಲನ್ನು ಮೊದಲು ಶೆಲ್ ಓದುತ್ತದೆ, ತನಗೆ ಅರ್ಥವಿದೆಯೆಂದು ತೋರಿದ ಗುರುತುಗಳನ್ನು ತಾನೇ ನೆರವೇರಿಸುತ್ತದೆ, ಉಳಿದದ್ದನ್ನು ಮಾತ್ರ ಸೆಡ್ ಸಾಧನಕ್ಕೆ ಒಪ್ಪಿಸುತ್ತದೆ. ನಕ್ಷತ್ರದ ಗುರುತು ಶೆಲ್ಲಿಗೆ ಕಡತಗಳ ಹೆಸರುಗಳೆಂದು ಕಾಣುತ್ತದೆ. ಬ್ಯಾಕ್‌ಸ್ಲ್ಯಾಶ್ ಕಂಡರೆ ಅದು ತನಗೇ ಬಂದದ್ದೆಂದು ತಿಳಿದು ತೆಗೆದುಬಿಡುತ್ತದೆ. ಆಗ ನಾವು 'ಕು\.' ಎಂದು ಬರೆದರೂ ಒಳಗೆ ತಲಪುವದು 'ಕು.' ಮಾತ್ರ, ಕುಂದಾಪುರವು ಮತ್ತೆ ಅಪಾಯಕ್ಕೆ ಸಿಕ್ಕುತ್ತದೆ.

ಇದಕ್ಕೆ ಉಪಾಯವು ಅಪ್ಪಣೆಯನ್ನು ಮುದ್ರೆಯೊತ್ತಿದ ಲಕೋಟೆಯಲ್ಲಿ ಇಡುವದು. ಒಂಟಿ ಉದ್ಧರಣಚಿಹ್ನೆಗಳ ನಡುವೆ ಬರೆದದ್ದನ್ನು ಶೆಲ್ ಮುಟ್ಟದೆ ಇದ್ದಂತೆಯೇ ದಾಟಿಸುತ್ತದೆ. ಜೋಡಿ ಉದ್ಧರಣಚಿಹ್ನೆಗಳಾದರೋ ಅರ್ಧ ತೆರೆದ ಲಕೋಟೆಯಂತೆ: ನಕ್ಷತ್ರವನ್ನು ಅದು ಬಿಟ್ಟುಬಿಡುತ್ತದೆ, ಡಾಲರಿನ ಗುರುತನ್ನು ಬಿಡುವದಿಲ್ಲ. ಪರದೇಶದಲ್ಲಿರುವ ಸಹೋದರಿಯೊಬ್ಬಳು ಶಾಲೆಗೆ ಐವತ್ತು ಡಾಲರನ್ನು ಕಳುಹಿಸಿದ್ದಾಳೆ, ಪಟ್ಟಿಯಲ್ಲಿ 'ಬಾಕಿ' ಎಂದಿರುವಲ್ಲಿ '$50' ಎಂದು ಬರೆಯಬೇಕು ಎಂದಿಟ್ಟುಕೊಳ್ಳಿರಿ. ಜೋಡಿ ಚಿಹ್ನೆಯೊಳಗೆ ಅದನ್ನು ಬರೆದರೆ ಶೆಲ್ '$5' ಎಂಬದನ್ನು ತನ್ನ ಐದನೆಯ ಸಂಚಿಯ ಹೆಸರೆಂದು ಗ್ರಹಿಸುತ್ತದೆ. ಆ ಸಂಚಿಯು ಖಾಲಿಯಾಗಿರುವದರಿಂದ ಅದರ ಸ್ಥಳದಲ್ಲಿ ಏನನ್ನೂ ಇಡದೆ, ಉಳಿದ ಸೊನ್ನೆಯನ್ನು ಮಾತ್ರ ಒಳಗೆ ಕಳುಹಿಸುತ್ತದೆ. ಕಾಣಿಕೆಯ ಪಟ್ಟಿಯಲ್ಲಿ ಆ ಸಹೋದರಿಯ ಹೆಸರಿನ ಎದುರು 0 ಎಂದು ಅಚ್ಚಾಗುತ್ತದೆ! ಒಂಟಿ ಚಿಹ್ನೆಯೊಳಗೆ ಬರೆದಿದ್ದರೆ ಅವಳ ಔದಾರ್ಯವು ಮುಚ್ಚಿಹೋಗುತ್ತಿರಲಿಲ್ಲ.

ಒಂಟಿ ಉದ್ಧರಣಚಿಹ್ನೆಗೂ ಒಂದು ದೌರ್ಬಲ್ಯವುಂಟು. ಇಂಗ್ಲಿಷಿನಲ್ಲಿ ಬಾಲಿಕೆಯರ ಶಾಲೆಯ ಹೆಸರನ್ನು ಬರೆಯುವಾಗ ಗರ್ಲ್ಸ್ ಎಂಬದರ ಮುಂದೆ ಹಾಕುವ ಷಷ್ಠೀವಿಭಕ್ತಿಯ ಗುರುತೂ ಇದೇ ಆಕಾರದ್ದು. ಅದು ನಡುವೆ ಬಂದರೆ ಲಕೋಟೆಯು ಅಲ್ಲಿಯೇ ಮುಗಿಯಿತೆಂದು ಶೆಲ್ ಭಾವಿಸುತ್ತದೆ. ಅಂಥ ಸ್ಥಳದಲ್ಲಿ ಲಕೋಟೆಯನ್ನು ಮುಚ್ಚಿ, ಹೊರಗೆ ಬ್ಯಾಕ್‌ಸ್ಲ್ಯಾಶ್ ಸಹಿತವಾಗಿ ಆ ಗುರುತನ್ನು ಬರೆದು, ಕೂಡಲೆ ಲಕೋಟೆಯನ್ನು ಮತ್ತೆ ತೆರೆಯಬೇಕು. ಬರೆದಾಗ ಅದು '\'' ಎಂದು ಕಾಣುವದು. ಕುರೂಪವೇ ಸರಿ, ಆದರೆ ಕೆಲಸವು ಆಗುತ್ತದೆ. ಮುದ್ರಣಕ್ಕಾಗಿ ಸಿದ್ಧಪಡಿಸುವ ಸಾಧನಗಳು ಈ ಗುರುತನ್ನು ಅಲಂಕಾರಕ್ಕಾಗಿ ಬಾಗಿಸಿಡುವದೂ ಉಂಟು. ಬಾಗಿದ ಗುರುತು ಯಂತ್ರಕ್ಕೆ ಪೂರ್ತಿಯಾಗಿ ಬೇರೆಯೇ ಅಕ್ಷರವಾದ್ದರಿಂದ, ಅಂಥ ಕಡತದಿಂದ ಅಪ್ಪಣೆಯನ್ನು ಎತ್ತಿ ಬರೆದರೆ ಶೆಲ್ ಅದನ್ನು ಲಕೋಟೆಯೆಂದು ಅಂಗೀಕರಿಸುವದಿಲ್ಲ.

ಬ್ಯಾಕ್‌ಸ್ಲ್ಯಾಶನ್ನೇ ಹುಡುಕಬೇಕಾದರೆ ಎರಡನ್ನು ಬರೆಯಬೇಕು, ಜೋಡಿ ಚಿಹ್ನೆಯೊಳಗಾದರೆ ನಾಲ್ಕನ್ನು. ಯಾಕಂದರೆ ಪ್ರತಿಯೊಬ್ಬ ಓದುಗನೂ ಎರಡಕ್ಕೆ ಒಂದರಂತೆ ಸುಂಕವನ್ನು ತೆಗೆದುಕೊಳ್ಳುತ್ತಾನೆ.

ಇನ್ನು ಓರೆಗೀಟಿನ ಮಾತು. 15/8/1947 ಎಂಬ ತಾರೀಖನ್ನು ಬದಲಾಯಿಸಬೇಕಾದರೆ ಅದರಲ್ಲಿರುವ ಗೀಟುಗಳು ಅಪ್ಪಣೆಯ ಗಡಿಗೀಟುಗಳೊಂದಿಗೆ ಬೆರೆತುಹೋಗುತ್ತವೆ. ಪ್ರತಿಯೊಂದರ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಗಾಳಿಗೆ ಬಿದ್ದ ಬೇಲಿಯಂತೆ ಆ ಸಾಲು ಕಾಣುವದು, ಓದುವವರಿಗೆ ತಲೆನೋವು. ಇದಕ್ಕಿಂತ ಗಡಿಯ ಗುರುತನ್ನೇ ಬದಲಾಯಿಸುವದು ಲೇಸು. ಎಸ್ ಎಂಬದರ ಮುಂದೆ ಬರುವ ಗುರುತು ಯಾವದೋ ಅದನ್ನೇ ಸೆಡ್ ಗಡಿಯಾಗಿ ಒಪ್ಪಿಕೊಳ್ಳುತ್ತದೆ:

ಎಸ್#15/8/1947#ಸ್ವಾತಂತ್ರ್ಯದಿನ#

ಪಟ್ಟಿಯಲ್ಲಿ ಎಲ್ಲಿಯೂ ಇಲ್ಲದ ಗುರುತನ್ನು ಆರಿಸಿಕೊಂಡರೆ ಸಾಕು.

ಬದಲಿಗೆ ಇಡುವ ಮಾತಿನ ಭಾಗದಲ್ಲಿ ಚುಕ್ಕೆ, ನಕ್ಷತ್ರ, ಡಾಲರ್ ಇವುಗಳಿಗೆ ಸೆಡ್ ಸಾಧನದಲ್ಲಿ ಯಾವ ಅಧಿಕಾರವೂ ಇಲ್ಲ. ಅಲ್ಲಿ ಬ್ಯಾಕ್‌ಸ್ಲ್ಯಾಶನ್ನೂ ಗಡಿಯ ಗುರುತನ್ನೂ ಬಿಟ್ಟರೆ ಅಧಿಕಾರವಿರುವದು ಆಂಪರ್ಸಂಡ್ ಎಂಬ & ಗುರುತಿಗೆ. 'ಹುಡುಕಿದಾಗ ಸಿಕ್ಕಿದ್ದು ಏನೋ ಅದೇ' ಎಂದು ಅದರ ಅರ್ಥ. 'ಮತ್ತು' ಎಂಬ ಮಾತಿನ ಬದಲಾಗಿ & ಎಂದು ಬರೆಯಬೇಕೆಂದು ಅಪ್ಪಣೆ ಕೊಟ್ಟವಳು ಕಡತವನ್ನು ತೆರೆದು ನೋಡಿದರೆ ಏನೂ ಬದಲಾಗಿರುವದಿಲ್ಲ; ಯಂತ್ರವು 'ಮತ್ತು' ಎಂಬದನ್ನು ತೆಗೆದು 'ಮತ್ತು' ಎಂಬದನ್ನೇ ಇಟ್ಟಿರುತ್ತದೆ. \& ಎಂದು ಬರೆದರೆ ಸರಿಹೋಗುವದು. ಆದರೆ ಈ ಅಧಿಕಾರವು ಬಹಳ ಉಪಕಾರವುಳ್ಳದ್ದು ಎಂಬದನ್ನೂ ಹೇಳಬೇಕು. ಪಟ್ಟಿಯಲ್ಲಿರುವ ಪ್ರತಿಯೊಂದು ವರ್ಷಕ್ಕೆ 'ನೆಯ' ಎಂಬ ಪ್ರತ್ಯಯವನ್ನು ಸೇರಿಸಬೇಕಾದರೆ, ಅಂಕೆಗಳ ನಮೂನೆಯನ್ನು ಹುಡುಕಿ &ನೆಯ ಎಂದು ಇಟ್ಟರೆ 1938 ಎಂಬದು 1938ನೆಯ ಎಂತಲೂ 1952 ಎಂಬದು 1952ನೆಯ ಎಂತಲೂ ತಾನಾಗಿಯೇ ಆಗುತ್ತದೆ.

ನಕ್ಷತ್ರದ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಅನಾವಶ್ಯಕವಾಗಿ ಬಿದ್ದ ಖಾಲಿ ಸ್ಥಳಗಳನ್ನು ಒಂದಕ್ಕೆ ಇಳಿಸಬೇಕಾದರೆ ನಮೂನೆಯಲ್ಲಿ ಎರಡು ಖಾಲಿ ಸ್ಥಳಗಳನ್ನು ಬಿಟ್ಟು ನಕ್ಷತ್ರವನ್ನು ಹಾಕಬೇಕು. ಒಂದನ್ನೇ ಬಿಟ್ಟು ಹಾಕಿದರೆ, 'ಬಾರದೆಯೂ ಇರಬಹುದು' ಎಂಬ ಅರ್ಥದಿಂದ ಖಾಲಿ ಸ್ಥಳವೇ ಇಲ್ಲದ ಕಡೆಗಳಲ್ಲಿಯೂ ನಮೂನೆಯು ಒಪ್ಪಿಗೆಯಾಗಿ, ಕಡೆಯಲ್ಲಿ ಜಿ ಇದ್ದರೆ ಅಕ್ಷರಅಕ್ಷರದ ನಡುವೆಯೂ ಒಂದೊಂದು ಖಾಲಿ ಸ್ಥಳವು ಹೊಕ್ಕು ಕಾಗುಣಿತವು ಚೂರುಚೂರಾಗುವದು. ಎರಡನೆಯದಾಗಿ, ನಕ್ಷತ್ರವು ದುರಾಶೆಯುಳ್ಳದ್ದು. ಆವರಣದಲ್ಲಿ ಬರೆದದ್ದನ್ನು ತೆಗೆಯುವದಕ್ಕಾಗಿ (.*) ಎಂದು ಬರೆದರೆ ಅದು ಸಾಲಿನ ಮೊದಲನೆಯ ಆವರಣದಿಂದ ಹಿಡಿದು ಕಟ್ಟಕಡೆಯ ಆವರಣದ ವರೆಗೆ, ನಡುವಿನ ಹೆಸರು ಊರುಗಳ ಸಹಿತವಾಗಿ, ಎಲ್ಲವನ್ನೂ ಒಯ್ಯುತ್ತದೆ. ([^)]*) ಎಂದು, ಅಂದರೆ 'ಮುಚ್ಚುವ ಆವರಣವಲ್ಲದ ಅಕ್ಷರಗಳು ಎಷ್ಟಿದ್ದರೂ' ಎಂದು ಬರೆದರೆ ಅದು ತನ್ನ ಮೇರೆಯಲ್ಲಿ ನಿಲ್ಲುವದು.

ಇಷ್ಟನ್ನು ಕೇಳಿದವರು 'ಹಾಗಾದರೆ ಸಂಶಯ ಬಂದ ಗುರುತುಗಳಿಗೆಲ್ಲಾ ಬ್ಯಾಕ್‌ಸ್ಲ್ಯಾಶ್ ಹಾಕಿಬಿಡೋಣ' ಎಂದಾರು. ಅದು ಸಲ್ಲದು. ಸೆಡ್ ಸಾಧನದ ಹಳೆಯ ರೀತಿಯಲ್ಲಿ ದುಂಡು ಆವರಣಗಳು ಸಾಮಾನ್ಯ ಪ್ರಜೆಗಳು. ಬ್ಯಾಕ್‌ಸ್ಲ್ಯಾಶ್ ಕೂಡಿಸಿದಾಗಲೇ ಅವುಗಳಿಗೆ ಗುಂಪುಗೂಡಿಸುವ ಅಧಿಕಾರ ಬರುತ್ತದೆ. 'ಬಿ.ಎ. (ಆನರ್ಸ್)' ಎಂಬಲ್ಲಿ ಆವರಣದ ಮಾತನ್ನು ತೆಗೆಯಲು \(ಆನರ್ಸ್\) ಎಂದು ಬರೆದರೆ ಆನರ್ಸ್ ಮಾತ್ರ ಹೋಗಿ ಬರಿದಾದ ಆವರಣವು ನಿಂತುಕೊಳ್ಳುವದು. ದೊಡ್ಡ ಇ ಅಕ್ಷರದ ಸೂಚನೆಯನ್ನು ಕೊಟ್ಟು ಹೊಸ ರೀತಿಯನ್ನು ಕರೆದರೆ ಈ ನಿಯಮವು ತಲೆಕೆಳಗಾಗುತ್ತದೆ. ಎರಡು ರೀತಿಗಳನ್ನು ಬೆರಸದೆ ಒಂದನ್ನೇ ಕಲಿತು ಅದರಲ್ಲಿ ನೆಲೆಗೊಳ್ಳುವದು ಒಳ್ಳೆಯದೆಂದು ನಮಗೆ ತೋರುತ್ತದೆ. ಚೌಕ ಆವರಣದೊಳಗೆ ಮಾತ್ರ ಎರಡು ರೀತಿಗಳಲ್ಲಿಯೂ ಚುಕ್ಕೆಯು ಬರೇ ಚುಕ್ಕೆಯೇ, ಬ್ಯಾಕ್‌ಸ್ಲ್ಯಾಶಿಗೆ ಅಂಜುವವರು [.] ಎಂದು ಬರೆಯಬಹುದು.

ಇಷ್ಟರ ವರೆಗೆ ಹೇಳಿದ್ದು ಇಂಗ್ಲಿಷ್ ಬರೆಯುವವರಿಗೂ ಅನ್ವಯಿಸುವದು. ಕನ್ನಡ ಬರೆಯುವವರಿಗೆ ಇನ್ನೂ ಒಂದು ಕಷ್ಟವಿದೆ, ಮತ್ತು ಅದನ್ನು ಇಂಗ್ಲಿಷ್ ಪುಸ್ತಕಗಳು ಹೇಳುವದಿಲ್ಲ. ನಮ್ಮ ಕಣ್ಣಿಗೆ ಒಂದಾಗಿ ಕಾಣುವ ಅಕ್ಷರವು ಯಂತ್ರಕ್ಕೆ ಒಂದಲ್ಲ. 1991ರಲ್ಲಿ ಯುನಿಕೋಡ್ ಎಂಬ ಲೋಕಲಿಪಿಸಂಕೇತವು ಪ್ರಕಟವಾದಾಗ ಕನ್ನಡಕ್ಕೂ ಅದರಲ್ಲಿ ಸ್ಥಳವು ದೊರೆಯಿತು. ಅದರ ಪ್ರಕಾರ ವ್ಯಂಜನ, ಅದರ ಸ್ವರವನ್ನು ಕಳೆಯುವ ವಿರಾಮಚಿಹ್ನೆ, ಗುಣಿತದ ಗುರುತು ಇವು ಒಂದೊಂದೂ ಪ್ರತ್ಯೇಕವಾಗಿ ಎಣಿಸಲ್ಪಡುತ್ತವೆ. 'ಸ್ತ್ರೀ' ಎಂಬ ಒಂದಕ್ಷರದ ಮಾತು ಯಂತ್ರಕ್ಕೆ ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಗುಣಿತ ಎಂದು ಆರು. ಆರು ಚುಕ್ಕೆಗಳನ್ನಿಟ್ಟರೆ ಮಾತ್ರ ನಮೂನೆಯು ಅದಕ್ಕೆ ಸರಿಯಾಗುವದು. ಕುಸುಮಳ ಹೆಸರಿನಲ್ಲಿ ಕೊಂಬು ಮಾತ್ರ ಉಳಿದುಹೋದದ್ದು ಈ ಕಾರಣದಿಂದಲೇ. ಯಂತ್ರಕ್ಕೆ ಭಾಷಾವ್ಯವಸ್ಥೆಯನ್ನು ಸರಿಯಾಗಿ ತಿಳಿಸದಿದ್ದರೆ ಇನ್ನೂ ಕೇಡು: ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಈ ಆರರಲ್ಲಿ ಪ್ರತಿಯೊಂದಕ್ಕೂ ಮೂರು ಬೈಟುಗಳು ಬೇಕಾಗುತ್ತವೆ, ಒಟ್ಟಿಗೆ ಹದಿನೆಂಟು. ಬೈಟುಗಳನ್ನೇ ಅಕ್ಷರಗಳೆಂದು ಎಣಿಸುವ ಹಳೆಯ ವ್ಯವಸ್ಥೆಯಲ್ಲಿ ಒಂದು ಚುಕ್ಕೆಯು ಅಕ್ಷರದ ಮೂರನೆಯ ಒಂದು ಪಾಲನ್ನು ಕತ್ತರಿಸಿ ಒಯ್ಯುವದು. ಉಳಿದದ್ದು ಯಾವ ಭಾಷೆಯೂ ಅಲ್ಲ.

ಕಾಣದ ಚಿಹ್ನೆಗಳು ಇದಕ್ಕಿಂತಲೂ ಮೋಸಕರವಾದವುಗಳು. ಪರೀಕ್ಷೆಯಲ್ಲಿ 'ರ‍್ಯಾಂಕ್' ಪಡೆದವರ ಪಟ್ಟಿಯನ್ನು ಗಮನಿಸಿರಿ. ರಕಾರವು ಪೂರ್ಣವಾಗಿ ನಿಂತು ಯಕಾರವು ಕೆಳಗೆ ಒತ್ತಾಗಿ ಬರಬೇಕಾದರೆ ನಡುವೆ ಅಗಲವೇ ಇಲ್ಲದ ಒಂದು ಕೂಡಿಸುವ ಚಿಹ್ನೆಯನ್ನು ಹಾಕಬೇಕು. ಅದನ್ನು ಹಾಕದವಳು ಬರೆದದ್ದು ಅರ್ಕಾವತ್ತಿನಿಂದ ಕೂಡಿ 'ರ್ಯಾಂಕ್' ಎಂದಾಗುವದು. ಒಂದೇ ಮಾತನ್ನು ಇಬ್ಬರು ಎರಡು ರೀತಿಯಲ್ಲಿ ಬರೆದಿದ್ದರೆ, ಒಂದನ್ನು ಹುಡುಕಿದವಳಿಗೆ ಇನ್ನೊಂದು ಸಿಕ್ಕುವದಿಲ್ಲ, ಅರ್ಧ ಹೆಣ್ಣುಮಕ್ಕಳ ಸಾಧನೆಯು ಎಣಿಕೆಯಿಂದಲೇ ಬಿಟ್ಟುಹೋಗುವದು. 'ಹೈಸ್ಕೂಲ್‌ನಲ್ಲಿ' ಎಂಬಲ್ಲಿ ಲಕಾರವೂ ನಕಾರವೂ ಒತ್ತಾಗದಂತೆ ತಡೆಯುವ ಚಿಹ್ನೆಯೂ ಹೀಗೆಯೇ ಅದೃಶ್ಯವಾದದ್ದು. ಓಕಾರದ ಗುಣಿತವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳನ್ನು ಕೂಡಿಸಿಯೂ ಬರೆಯಬಹುದು. ಕಾಗದದ ಮೇಲೆ ಎರಡಕ್ಕೂ ಕೂದಲೆಳೆಯ ಭೇದವಿಲ್ಲ, ಗ್ರೆಪ್ ಸಾಧನಕ್ಕೆ ಎರಡೂ ಬೇರೆಬೇರೆ. ಬೇರೆಬೇರೆ ಕಡೆಗಳಿಂದ ಬಂದ ಪಟ್ಟಿಗಳನ್ನು ಸೇರಿಸುವಾಗ ಮೊದಲು ಎಲ್ಲವನ್ನೂ ಏಕರೂಪಕ್ಕೆ ತರುವದು ಆದಕಾರಣ ಅವಶ್ಯವಾಗಿದೆ. ಸಂಶಯವಿದ್ದಲ್ಲಿ 'ಓಡಿ' ಎಂಬ ಸಾಧನವು ಒಂದೊಂದು ಬೈಟನ್ನೂ ಅಂಕೆಯಾಗಿ ಬಿಡಿಸಿ ತೋರಿಸುತ್ತದೆ: ಅಷ್ಟಮಾನದಲ್ಲಿ 342 200 215 ಎಂದು ಕಂಡರೆ ಕೂಡಿಸುವ ಚಿಹ್ನೆ, 342 200 214 ಎಂದು ಕಂಡರೆ ತಡೆಯುವ ಚಿಹ್ನೆ.

ಟೈಪ್‌ರೈಟಿಂಗ್ ಕಲಿತ ಹಿರಿಯ ಸಹೋದರಿಯರಿಗೆ ಬಂಡಿಯನ್ನು ಬಲಕ್ಕೆ ಹಿಂದೂಡುವ ಸನ್ನೆಯ ನೆನಪಿರಬಹುದು. ಆ ಹಿಂದೂಡಿಕೆಯ ಗುರುತು ವಿಂಡೋಸ್ ವ್ಯವಸ್ಥೆಯ ಕಡತಗಳಲ್ಲಿ ಪ್ರತಿಯೊಂದು ಸಾಲಿನ ಕೊನೆಯಲ್ಲಿ ಇಂದಿಗೂ ಕಾಣದಂತೆ ಕುಳಿತಿರುತ್ತದೆ. ಅಂಥ ಕಡತದಲ್ಲಿ 'ಶಾಲೆ$' ಎಂದು ಸಾಲಿನ ಕೊನೆಯನ್ನು ಹುಡುಕಿದರೆ ಏನೂ ಸಿಕ್ಕುವದಿಲ್ಲ. ಮೊದಲು ಆ ಗುರುತನ್ನು ತೆಗೆಯಬೇಕು.

ಕಾರ್ಯಕ್ರಮವನ್ನು ಹೀಗೆ ಇಟ್ಟುಕೊಳ್ಳುವದು ಹಿತವೆಂದು ನಾವು ಹೇಳುವೆವು. ಯಾವ ಚಿಹ್ನೆಗೂ ಅಧಿಕಾರ ಬೇಡದೆ ಮಾತನ್ನು ಇದ್ದಂತೆಯೇ ಹುಡುಕುವದಾದರೆ ಗ್ರೆಪ್ ಸಾಧನಕ್ಕೆ ದೊಡ್ಡ ಎಫ್ ಅಕ್ಷರದ ಸೂಚನೆಯನ್ನು ಕೊಡತಕ್ಕದ್ದು. ಆಗ ಚುಕ್ಕೆ ಚುಕ್ಕೆಯೇ, ನಕ್ಷತ್ರ ನಕ್ಷತ್ರವೇ. ತಿದ್ದುವದಕ್ಕೆ ಮುಂಚೆ ಅದೇ ನಮೂನೆಯನ್ನು ಗ್ರೆಪ್ ಸಾಧನಕ್ಕೆ ಕೊಟ್ಟು ಯಾವ ಯಾವ ಸಾಲುಗಳು ಸಿಕ್ಕುತ್ತವೆಂದು ಕಣ್ಣಾರೆ ನೋಡಬೇಕು, ಎಷ್ಟು ಸಾಲುಗಳೆಂದು ಎಣಿಸಿಕೊಳ್ಳಬೇಕು. ಪಟ್ಟಿಯಲ್ಲಿ ನಾನೂರು ಕುಮಾರಿಯರಿರಬೇಕಾದಲ್ಲಿ ಒಂಬೈನೂರು ಸಾಲುಗಳು ಸಿಕ್ಕಿದರೆ ಅಲ್ಲಿಯೇ ಕೈತಡೆಯಬೇಕು. ಸೆಡ್ ಸಾಧನವು ತಿದ್ದಿದ್ದನ್ನು ಪರದೆಯ ಮೇಲೆ ತೋರಿಸುತ್ತದೆಯೇ ಹೊರತು ಮೂಲ ಕಡತವನ್ನು ತಾನಾಗಿ ಮುಟ್ಟುವದಿಲ್ಲ. ಮೂಲದಲ್ಲಿಯೇ ತಿದ್ದಬೇಕೆಂದು ಐ ಎಂಬ ಸಣ್ಣಕ್ಷರದಿಂದ ಸೂಚಿಸುವಾಗ, ಅದರ ಬೆನ್ನಿಗೇ ಒಂದು ಬಾಲಹೆಸರನ್ನು ಬರೆದರೆ ತಿದ್ದದ ಪ್ರತಿಯು ಆ ಹೆಸರಿನಲ್ಲಿ ಉಳಿಯುತ್ತದೆ. ತರುವಾಯ 'ಡಿಫ್' ಎಂಬ ಸಾಧನಕ್ಕೆ ಎರಡು ಪ್ರತಿಗಳನ್ನೂ ಕೊಟ್ಟರೆ ಬದಲಾದ ಸಾಲುಗಳನ್ನು ಮಾತ್ರ ಹಳೆಯದು ಹೊಸದು ಎಂದು ಎದುರುಬದುರಾಗಿ ತೋರಿಸುವದು. ಅಚ್ಚುಕೂಟದಲ್ಲಿ ಕರಡನ್ನು ತಿದ್ದುವಾಗ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಿ ಇನ್ನೊಬ್ಬರು ಅಚ್ಚನ್ನು ನೋಡುವ ಪದ್ಧತಿಯಂತೆ, ಆ ಪಟ್ಟಿಯನ್ನು ಇಬ್ಬರು ಕೂಡಿ ಓದುವದು ಉತ್ತಮ. ಒಬ್ಬಳ ಕಣ್ಣಿಗೆ ಬೀಳದ ಕುಮಾರಿಟಾ ಇನ್ನೊಬ್ಬಳ ಕಿವಿಗೆ ಬೀಳುವದು. ತಿದ್ದದ ಹಳೆಯ ಪ್ರತಿಯನ್ನು ಸ್ಮರಣಸಂಚಿಕೆಯು ಅಚ್ಚಾಗಿ ವಾಚಕರ ಕೈಸೇರಿ ಕೆಲವು ತಿಂಗಳು ಕಳೆಯುವ ವರೆಗೆ ಅಳಿಸತಕ್ಕದ್ದಲ್ಲ.